ಮೂರು ಪಟ್ಟಿ, ಒಂದೇ ಉತ್ತರ

ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆ ಮಾಡುತ್ತಿದ್ದವನನ್ನು ಎಲ್ಲರೂ ಪ್ರೊಫೆಸರ್ ಎನ್ನುತ್ತಿದ್ದರು. ತಮಾಷೆಗೆ ಇಟ್ಟ ಹೆಸರನ್ನು ಅವನು ಪದವಿಯೆಂದೇ ಸ್ವೀಕರಿಸಿದ್ದ. "ಬಾಟಲಿ ಕೊಡಿ, ನಿಮ್ಮ ಇಡೀ ಚರಿತ್ರೆ ಹೇಳ್ತೀನಿ" ಎನ್ನುವನು. ಯಾರಾದರೂ ಇನ್ನೊಮ್ಮೆ ನೋಡಿ ಎಂದರೆ, ಮೂತ್ರದಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿ ತೋರಿಸಿ, "ನನ್ನ ಪಟ್ಟಿ ಸುಳ್ಳು ಹೇಳಲ್ಲ ಕಣಮ್ಮ" ಎಂದು ಗದರಿ ಕಳಿಸುವನು.

ಆ ಬೆಳಿಗ್ಗೆ ಕಿಟಕಿಯಲ್ಲಿ ಬಾಟಲಿ ಚಾಚಿದವಳು ಅವನ ಹೆಂಡತಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಈ ಸಲ ಮುಟ್ಟು ಹತ್ತು ದಿನ ತಡವಾಗಿತ್ತು.

ಅವನು ಪಟ್ಟಿ ಅದ್ದಿದ. ಎರಡು ಗೆರೆ ಮೂಡಿದವು. ಕನ್ನಡಕ ಒರೆಸಿಕೊಂಡು ಇನ್ನೊಂದನ್ನು ಅದ್ದಿದ. ಆಮೇಲೆ ಮತ್ತೊಂದು.

"ಏನ್ರೀ, ಊರಿಗೆಲ್ಲ ಒಂದು, ನನಗೆ ಮೂರಾ?"

"ಸ್ವಲ್ಪ ಸುಮ್ನಿರೇ. ಮೂರರಲ್ಲೂ ಎರಡೆರಡು ಗೆರೆ ಬಂದಿದೆ. ನೀನು ಬಸುರಿ ಕಣೇ."

ಅವಳು ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡಳು. "ಮಗು ಚೆನ್ನಾಗಿದೆಯಾ?"

ಪ್ರೊಫೆಸರ್ ಮೂರೂ ಪಟ್ಟಿಗಳನ್ನು ಮತ್ತೆ ನೋಡಿದ. "ಬಸುರು ನಿಂತಿದೆ ಅಂತ ಮಾತ್ರ ಇದು ಹೇಳುತ್ತೆ. ಮಗು ಹೇಗಿದೆ, ಎಲ್ಲಿ ಕೂತಿದೆ, ಒಂದೋ ಎರಡೋ, ಅದೆಲ್ಲ ಇದಕ್ಕೆ ತಿಳಿಯಲ್ಲ. ಸ್ಕ್ಯಾನ್ ಮಾಡಿಸ್ಬೇಕು."

"ಅಂತೂ ನಿಮ್ಮ ಪಟ್ಟಿಗೂ ಗೊತ್ತಿಲ್ಲದ್ದು ಇದೆ ಅನ್ನಿ."

ಈ ಮಾತು ಕೇಳಿಸಿಕೊಳ್ಳಲು ಅವನು ಅಲ್ಲಿರಲೇ ಇಲ್ಲ. ಸರದಿ ತಪ್ಪಿಸುವವರಿಗೆ ದಿನವೂ ಬುದ್ಧಿ ಹೇಳುತ್ತಿದ್ದ ಮಹಾಶಯ, ಮೂರೂ ಪಟ್ಟಿ ಹಿಡಿದು, ಕಾದು ಕೂತಿದ್ದ ಹನ್ನೊಂದು ಜನರನ್ನು ದಾಟಿ, ಡಾಕ್ಟರಮ್ಮನ ಬಾಗಿಲನ್ನು ತಳ್ಳಿಯಾಗಿತ್ತು.