ತುಳಸಿ ಕಡ್ಡಿಯಿಂದ ತಿರುವಿದ ಪುಟ

ಹಳೆಯ ಇ-ಬುಕ್ ರೀಡರ್ ಕೊಳ್ಳುವವರಿಗೆ ನಾನು ಹೇಳುತ್ತಿದ್ದ ಮಾತು ಒಂದೇ: ಗಾಜಿಗೆ ಮರುಳಾಗಬೇಡಿ, ಪಕ್ಕದಲ್ಲಿ ಪುಟ ತಿರುವುವ ಬಟನ್ ಇದೆಯೇ ನೋಡಿ. ಒತ್ತಿ. ಟಕ್ ಎಂದು ಗಟ್ಟಿ ಸದ್ದು ಬಂದರೆ ಆಮೇಲೆ ದರದ ಮಾತು. ಈಗ ಈ ಬುದ್ಧಿಮಾತಿಗೆ ಒಂದು ಬಾಲ ಸೇರಿಸಿದ್ದೇನೆ. ಸೇರಿಸುವಂತೆ ಮಾಡಿದವರು ನಮ್ಮ ಅತ್ತೆ.

ಸೀರೆಗಳಿಗೆ ಫಾಲ್ ಹಚ್ಚುತ್ತ ಶುರುಮಾಡಿ ರಾಯಚೂರಿನಲ್ಲಿ ಸ್ವಂತ ಸೀರೆ ಅಂಗಡಿ ಹಾಕಿದವಳು ನಾನು. ಚೌಕಾಸಿ ಮಾಡದೆ ಕೊತ್ತಂಬರಿ ಕಟ್ಟನ್ನೂ ಮನೆಗೆ ತಂದವಳಲ್ಲ. ಅತ್ತೆ ಮಾನ್ವಿಯ ಮನೆಯಲ್ಲಿ ಪುರಾಣ ಪಾರಾಯಣ ಹಿಡಿದಿದ್ದರು. ಅವರ ಪುಸ್ತಕದ ಹಾಳೆಗಳು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು, ಅಕ್ಷರ ಸಾಸಿವೆಯಷ್ಟು. ಅದನ್ನೇ ಒಂದು ರೀಡರಿನಲ್ಲಿ ದೊಡ್ಡದಾಗಿ ಕಾಣುವಂತೆ ಹಾಕಿಸಿಕೊಟ್ಟೆ.

"ಇದೇನವಾ, ಪ್ಲಾಸ್ಟಿಕ್ಕು! ಮಡಿಯೊಳಗ ಹೆಂಗ ಮುಟ್ಟಲಿ?"

ಸ್ನಾನ ಮಾಡಿ ಒದ್ದೆ ಸೀರೆ ಉಟ್ಟರೆಂದರೆ ಅವರು ನಮ್ಮನ್ನೂ ಮುಟ್ಟುತ್ತಿರಲಿಲ್ಲ. ಆ ರೀಡರ್ ಬರೀ ಗಾಜು. ಬೆರಳು ತಾಗಿದರೆ ಮಾತ್ರ ಪುಟ ಹೊರಳುವುದು. ಒಣ ತುಳಸಿ ಕಡ್ಡಿಯಿಂದ ಎಷ್ಟು ತಿವಿದರೂ ಮಿಸುಕಲಿಲ್ಲ. ಅದನ್ನು ರಾಯಚೂರಿನ ಹಳೆ ಮೊಬೈಲ್ ಅಂಗಡಿಯವನಿಗೆ ಮರಳಿಸಿ, ಹಟ ಹಿಡಿದು ಬಟನ್ ಇದ್ದದ್ದನ್ನು ತಂದೆ. ಅತ್ತೆ ಅದನ್ನು ಮಣೆಯ ಮೇಲೆ ಇಡಿಸಿಕೊಂಡು ಕಡ್ಡಿಯಿಂದ ಒತ್ತಿದರು. ಟಕ್. ಪುಟ ಹೊರಳಿತು.

"ನಾ ಅದನ್ನ ಮುಟ್ಟಂಗಿಲ್ಲ, ಅದು ನನ್ನ ಮುಟ್ಟಂಗಿಲ್ಲ," ಅಂದರು. "ಅತ್ತಿ-ಸೊಸಿ ಇದ್ದರ ಹಿಂಗಿರಬೇಕು ನೋಡು."

ಅವರ ಕೊನೆಯ ವಾರ ನಾನು ಮಾನ್ವಿಯಲ್ಲೇ ಇದ್ದೆ. ಪಡಸಾಲೆಯಲ್ಲಿ ಸೀರೆ ಮಡಚುತ್ತಿದ್ದರೆ ದೇವರ ಮನೆಯಿಂದ ಟಕ್, ಟಕ್, ಟಕ್. ಮೊದಲೆಲ್ಲ ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಒಂದು ಮೊರ ಅಕ್ಕಿ ಆರಿಸಬಹುದಿತ್ತು. ಈಗ ಒಂದರ ಬೆನ್ನಿಗೆ ಒಂದು. ನಡುನಡುವೆ ಒಂದೇ ಅರ್ಧ ಶ್ಲೋಕ, ಮತ್ತೆ ಮತ್ತೆ. ಬಾಯಿಪಾಠ ಮಾಡುತ್ತಿದ್ದಾರೆ ಅಂದುಕೊಂಡೆ.

"ಬಟನ್ ಛಲೋ ನಡೀತದೇನ್ರಿ ಅತ್ತಿ?" ಹೊಸ್ತಿಲಾಚೆ ನಿಂತು ಕೇಳಿದೆ.

"ಸಪ್ಪಳ ಛಲೋ ಮಾಡ್ತದವಾ."

ಹೊಗಳಿದರೆಂದು ಖುಷಿಯಿಂದ ಸೀರೆಗಳ ಕಡೆಗೆ ಹೋದೆ. ವಾರ ಮುಗಿಯುವ ಮುನ್ನ ಒಂದು ಬೆಳಗ್ಗೆ ಅವರು ಏಳಲಿಲ್ಲ.

ಹಿಡಿದ ಪಾರಾಯಣವನ್ನು ಮಂಗಳ ಮಾಡದೆ ಬಿಡಬಾರದು ಎಂಬುದು ನಮ್ಮ ಮನೆಯ ಕಟ್ಟು. ರೀಡರನ್ನು ಮಾರುತ್ತೇನೆ ಅಂದದ್ದಕ್ಕೆ ದೇವದುರ್ಗದ ನಾದಿನಿ ಫೋನಿನಲ್ಲೇ ಅತ್ತಳು.

"ವೈನಿ, ಅವ್ವ ಅರ್ಧಕ್ಕ ಬಿಟ್ಟು ಹೋಗ್ಯಾಳ, ನೀವು ಅದನ್ನ ಮಾರಲಿಕ್ಕೆ ಹೊಂಟೀರೇನು?"

"ಹಂಗಿದ್ದರ ನೀ ಬಂದು ಓದವಾ."

"ನನಗ ಮೊಣಕಾಲು ನೋವದರಿ," ಅಂದು ಫೋನ್ ಇಟ್ಟಳು.

ಮಾನ್ವಿಯ ಮನೆ ಮಾತ್ರ ನನ್ನನ್ನು ಬಿಡಲಿಲ್ಲ. ಮಧ್ಯಾಹ್ನ ಸೀರೆ ಮಡಚುವಾಗ ಟಕ್ ಅನ್ನುವುದು. ಹಲ್ಲಿ ಇರಬೇಕೆಂದು ಗೋಡೆ ನೋಡಿದೆ. ತಗಡು ಕಾದಿರಬೇಕೆಂದು ಛಾವಣಿ ನೋಡಿದೆ. ಸದ್ದಿಗೆ ಹೆದರುವವಳಲ್ಲ ನಾನು. ಕಾರಣ ಸಿಗದ ಸದ್ದಿದ್ದರೆ ಮಾತ್ರ ಊಟ ಸೇರುವುದಿಲ್ಲ. ಕೊನೆಗೆ ಮಾರಿಯೇ ಬಿಡೋಣವೆಂದು ರೀಡರನ್ನು ಚೀಲಕ್ಕೆ ಹಾಕಿಕೊಂಡು ರಾಯಚೂರಿನ ಬಸ್ಸು ಹತ್ತಿದೆ.

ಅದೇ ಅಂಗಡಿಯವನು ಚಾರ್ಜ್ ಹಚ್ಚಿದ. ಅತ್ತೆ ಹೋದ ಮೇಲೆ ಯಾರೂ ತೆರೆದಿರಲಿಲ್ಲ. ಅವರು ನಿಂತ ಪುಟವೇ ಬಂತು. ಮುಂದಿನ ಪುಟದ ಬಟನ್ ಮೇಲೆಲ್ಲ ಸೂಜಿಮೊನೆಯಷ್ಟು ತಗ್ಗುಗಳು. ಹಿಂದಿನ ಪುಟದ್ದು ಹೊಸದರಂತೆ ನುಣ್ಣಗಿತ್ತು.

"ಅಕ್ಕಾರ, ಇದನ್ನ ಕೋಳಿ ಕುಕ್ಕೈತೇನ್ರಿ?"

"ಕುಕ್ಕಿದ್ರೂ ಗಟ್ಟಿ ಅದ. ಒತ್ತಿ ಸಪ್ಪಳ ಕೇಳು, ಆಮ್ಯಾಲೆ ರೇಟ್ ಮಾತಾಡು."

ಒತ್ತಿದ. ಟಕ್. ಮತ್ತೆ ಒತ್ತಿದ. ಟಕ್, ಟಕ್.

"ಸಪ್ಪಳ ಐತ್ರಿ. ಲೇಕಿನ್ ಪುಟ ಎಲ್ಲಿ ಹೋಗಾಕತ್ತೈತಿ? ಒಳಗ ಸ್ವಿಚ್ ಸತ್ತೈತಿ."

ಪರದೆಯ ಕೊನೆಯ ಸಾಲಿನಲ್ಲಿ ಶ್ಲೋಕವೊಂದು ಅರ್ಧಕ್ಕೆ ನಿಂತಿತ್ತು. ನಾನು ಪಡಸಾಲೆಯಲ್ಲಿ ಕೇಳಿದ್ದ ಅರ್ಧ.

"ಇದಕ್ಕ ಗಾಜು ಮುಟ್ಟಿದ್ರೂ ನಡೀತೈತ್ರಿ," ಎಂದು ಬೆರಳು ಚಾಚಿದ.

"ಮುಟ್ಟಬ್ಯಾಡೋ!"

ಬಾಯಿ ನನ್ನದು, ದನಿ ಅತ್ತೆಯದು. ಅಂಗಡಿಯವನ ಬೆರಳು ಅಲ್ಲೇ ನಿಂತಿತು.

"ಇಷ್ಟೊತ್ತನಕ ಕೈಯಾಗ ಹಿಡಕೊಂಡೀನಲ್ರಿ ಅಕ್ಕಾರ?"

"ಹಂಗಲ್ಲಪ್ಪಾ. ಆ ಪುಟ ಈಗ ಬೆರಳಿಂದ ಹೊಳ್ಳಬಾರದು. ಬಟನ್ ಮಾಡಿಕೊಡು."

ಒಂದು ಬೆರಳು ತಾಗಿಸಿದ್ದರೆ ಅವರಿಗೆ ಉಳಿದರ್ಧ ಸಿಗುತ್ತಿತ್ತು. ತಾಗಿಸಲಿಲ್ಲ. ನನಗೆ ಹೇಳಲೂ ಇಲ್ಲ. ನಮ್ಮ ಸೊಸಿ ತಂದ ವಸ್ತು ಕಲ್ಲಿದ್ದಂಗ ಎಂದು ಓಣಿಗೆಲ್ಲ ಸಾರಿದವರು, ಹೇಗೆ ಹೇಳಿಯಾರು? ಒದ್ದೆ ಸೀರೆಯಲ್ಲಿ ಕೂತು, ದಿನವೂ ಅದೇ ಪುಟವನ್ನು ಕುಕ್ಕಿ ಕುಕ್ಕಿ ಎದ್ದುಹೋಗಿದ್ದರು.

ಅಂಗಡಿಯವನು ಕೆಟ್ಟ ಇನ್ನೊಂದು ರೀಡರಿನ ಸ್ವಿಚ್ ಕಿತ್ತು ಇದಕ್ಕೆ ಬೆಸೆದ. ದರ ಹೇಳಿದಾಗ ರೂಢಿಯಂತೆ ನನ್ನ ಬಾಯಿ ತೆರೆಯಿತು.

"ಯಾ ಅಲ್ಲಾ! ಅಳಕೋತನೂ ಚೌಕಾಸಿ ಮಾಡ್ತೀರಲ್ರಿ ಅಕ್ಕಾರ!"

ಈಗ ಮಾನ್ವಿಗೆ ಹೋದಾಗಲೆಲ್ಲ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಮಣೆಯ ಮುಂದೆ ಕೂರುತ್ತೇನೆ. ಕಡ್ಡಿ ಅವರದೇ. ಅವರು ನಿಂತಲ್ಲಿಂದ ಹಿಡಿದು ಓದುತ್ತಿದ್ದೇನೆ. ಮಂಗಳ ಇನ್ನೂ ದೂರ. ಕೊಳ್ಳುವವರಿಗೆ ಈಗ ಹೀಗೆ ಹೇಳುತ್ತೇನೆ: ಸದ್ದು ಬಂತೆಂದು ದರಕ್ಕಿಳಿಯಬೇಡಿ, ಪುಟ ಹೊರಳಿತೇ ನೋಡಿ. ಹೊರಳುವ ಮುನ್ನ ಈ ಪರದೆ ಒಂದು ಚಣ ಪೂರ್ತಿ ಕಪ್ಪಾಗುತ್ತದೆ. ಕಡ್ಡಿ ಹಿಡಿದು ಕಾಯುತ್ತೇನೆ. ಅಷ್ಟರೊಳಗೆ ನನ್ನ ಬಾಯಿ ಆ ಹಳೆಯ ಅರ್ಧ ಶ್ಲೋಕವನ್ನು ಹೇಳತೊಡಗಿರುತ್ತದೆ.