ಫೋಲ್ಡರಿನ ಓನರ್

ನಾನು ಬ್ಲೌಸ್ ಕಸೂತಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುವವಳು. ಹಳೆಯ ಕಂಪ್ಯೂಟರ್ ಕೆಟ್ಟು ನಿಂತಾಗ ಅದರ ಹಾರ್ಡ್ ಡಿಸ್ಕ್ ಬಿಚ್ಚಿಸಿ, ಶಿವಾಜಿನಗರದ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಅದನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ನನ್ನ ಒಂಬತ್ತು ವರ್ಷದ ಡಿಸೈನುಗಳಿದ್ದ ಫೋಲ್ಡರ್ ಒತ್ತಿದರೆ, ನಿಮಗೆ ಅನುಮತಿ ಇಲ್ಲ ಎಂದು ಬಂತು.

"ಲಾಕ್ ಆಗಿದೆ ಮೇಡಂ. ಫಾರ್ಮ್ಯಾಟ್ ಮಾಡ್ಬಿಡ್ತೀನಿ."

"ಡಿಸೈನ್ ಉಳಿಯುತ್ತಾ?"

"ಎಲ್ಲಾ ಹೋಗುತ್ತೆ. ಬೇಕೇ ಬೇಕು ಅಂದ್ರೆ ಇದರ ಓನರ್ ಹತ್ರ ಮಾತಾಡ್ಬೇಕು. ನಿಮ್ಮ ಯಜಮಾನರನ್ನ ಕಳಿಸಿ."

"ಓನರ್ ನಾನೇ ರೀ. ಡಿಸ್ಕ್ ಕೊಡಿ, ಜೊತೆಗೆ ಅದನ್ನ ಜೋಡಿಸೋ ಕೇಬಲ್ಲೂ ಕೊಡಿ."

"ನಿಮ್ಮ ಕೈಲಿ ಆಗಲ್ಲ ಮೇಡಂ," ಎನ್ನುತ್ತಲೇ ಕೊಟ್ಟರು.

ಮನೆಗೆ ಬಂದು ಡಿಸ್ಕನ್ನು ನನ್ನ ಹೊಸ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಲಾಕ್ ತೆಗೆಯುವ ವಿಧಾನವನ್ನು ಮೊಬೈಲಿನಲ್ಲಿ ಓದುತ್ತಾ ಫೋಲ್ಡರಿನ ಸೆಟ್ಟಿಂಗ್ಸ್ ತೆರೆದೆ. ಓನರ್ ಎಂಬಲ್ಲಿ ಹೆಸರೇ ಇಲ್ಲ, ಉದ್ದನೆಯ ಒಂದು ನಂಬರಿತ್ತು. ಸತ್ತ ಕಂಪ್ಯೂಟರಿನ ಲೆಕ್ಕದಲ್ಲಿ ಅದೇ ನಾನಂತೆ. ಅದನ್ನು ಅಳಿಸಿ ನನ್ನ ಹೆಸರು ಹಾಕಿದೆ. ಓಕೆ ಒತ್ತಿದೆ.

ಫೋಲ್ಡರ್ ತೆರೆಯಿತು. ಒಂದು ಡಿಸೈನೂ ಹಾಳಾಗಿರಲಿಲ್ಲ. ಆದರೆ ಶುರುವಿನ ವರ್ಷಗಳಲ್ಲಿ ನಾನು ಬರೆದ ನವಿಲುಗಳನ್ನು ನೋಡಿದ ಮೇಲೆ, ಅವು ಕೋಳಿಗಳೆಂದು ಯಾರಾದರೂ ಅಂದರೆ ನಾನು ವಾದಕ್ಕೆ ನಿಲ್ಲುವುದಿಲ್ಲ.