ಲಿಪಾರಾದ ಹಾಯಿ ಹೊಲಿಯುವವಳು

ಲಿಪಾರಾ ದ್ವೀಪದಲ್ಲಿ ಗಾಳಿಗೂ ಒಬ್ಬ ಕಾವಲುಗಾರನಿದ್ದ. ಹೆಸರು ತಿಮಾಸಿಯೋನ್. ಗಾಳಿಗಳನ್ನೆಲ್ಲ ಚೀಲದಲ್ಲಿ ಕಟ್ಟಿಹಾಕಿದ್ದ ಅಯೊಲೊಸ್ ದೊರೆಯ ವಂಶದಲ್ಲಿ ತಾನು ಹದಿಮೂರನೆಯವನೆಂದು ಹೇಳಿಕೊಳ್ಳುತ್ತಿದ್ದ. ನಡುವಿನ ಹನ್ನೊಂದು ಹೆಸರು ಹೇಳು ಅಂದರೆ ಮಾತ್ರ ಅವನಿಗೆ ಕೆಮ್ಮು ಬರುತ್ತಿತ್ತು. ಹೊರಡುವ ಪ್ರತಿ ಹಡಗಿಗೂ ಬಂದರಿನ ಬಲಿಪೀಠದ ಬಳಿ ಕಣ್ಣುಮುಚ್ಚಿ ನಿಂತು, ಬಾಯಿ ಬಿಗಿದ ಒಂದು ತೊಗಲಿನ ಚೀಲ ಕೊಟ್ಟು, "ನಿಂಗೆ ಬೇಡದ ಗಾಳಿನೆಲ್ಲ ಇದ್ರಲ್ಲಿ ತುಂಬಿದೀನಿ, ಹೋಗ್ಬಾ" ಅನ್ನುವುದು ಅವನ ಕಸುಬು. ಅದಕ್ಕೆ ಪ್ರತಿಯಾಗಿ ಕುರಿಯ ತೊಡೆ, ಒಂದು ಕೊಡ ದ್ರಾಕ್ಷಾರಸ. ಹೊಟ್ಟೆ ಚೆನ್ನಾಗಿಯೇ ಬೆಳೆದಿತ್ತು.

ಆ ಚೀಲಗಳನ್ನು ಹೊಲಿಯುತ್ತಿದ್ದವಳು ತೆಲೆಸ್ಸಾ. ನಿಜವಾಗಿ ಅವಳದು ಹಾಯಿ ಹೊಲಿಯುವ ಕೆಲಸ. ದಿಬ್ಬದ ಮೇಲಿನ ಮನೆಯ ಮುಂದೆ ಕೂತು ನಲವತ್ತು ವರ್ಷ ಸೂಜಿ ಆಡಿಸಿದ್ದಳು. ಎದುರಿಗೇ ಹಿಯೆರಾ, ಸದಾ ಹೊಗೆ ಉಗುಳುವ ಬೆಂಕಿಬೆಟ್ಟದ ದ್ವೀಪ. ತೆಂಕಣ ಗಾಳಿ ಬರುವ ಮುಂಚೆ ಆ ಹೊಗೆ ಕಪ್ಪಾಗಿ ಕೆಳಕ್ಕೆ ಇಳಿದು ತೆಂಕಲಿನ ಸಿಕೆಲಿಯಾದ ದಡವನ್ನೇ ಮುಚ್ಚಿಬಿಡುತ್ತಿತ್ತು. ಬಡಗಣ ಗಾಳಿಗೆ ಮುಂಚೆ ಜ್ವಾಲೆ ನೆಟ್ಟಗೆ ಏಳುತ್ತಿತ್ತು, ಗುಡುಗು ಜೋರಾಗುತ್ತಿತ್ತು. ಇಷ್ಟು ಕಾಣಲು ದೇವವಂಶದಲ್ಲಿ ಹುಟ್ಟಬೇಕಿರಲಿಲ್ಲ, ಕಣ್ಣು ತೆರೆದಿದ್ದರೆ ಸಾಕಿತ್ತು. ಊರಿನವರಿಗೆ ಅದೂ ಕಷ್ಟ.

ದಿನಾ ಬೆಳಗ್ಗೆ, ಜನ ಏಳುವ ಮೊದಲೇ, ತಿಮಾಸಿಯೋನ್ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬರುತ್ತಿದ್ದ.

"ಸುಮ್ನೆ ಈ ಕಡೆ ಬಂದೆ ತೆಲೆಸ್ಸಾ. ಏನಂತೆ ಹೊಗೆ?"

ಅವಳು ಹೇಳುತ್ತಿದ್ದಳು. ಅವನು ಇಳಿದುಹೋಗಿ ಅದನ್ನೇ ದೇವರ ಮಾತು ಮಾಡಿ ಹೇಳುತ್ತಿದ್ದ. ಕೊರಳುಬ್ಬಿಸಿದ ಪಾರಿವಾಳವನ್ನು ನೋಡುವ ಹಾಗೆ ಅವಳು ಅವನನ್ನು ನೋಡುತ್ತಿದ್ದಳು. ಹಡಗುಗಳು ನೆಟ್ಟಗೆ ದಡ ಮುಟ್ಟಿದರೆ ಅವಳಿಗಷ್ಟೇ ಸಾಕು.

ಒಂದು ಸಲ ಸಿಕೆಲಿಯಾದ ಸಿರಾಕೂಸಾ ಊರಿನ ಫಾಯ್ಲೋಸ್ ಎಂಬ ನಾವಿಕ ಹಾಯಿ ದುರಸ್ತಿಗೆ ಕೊಟ್ಟಿದ್ದ. ತೆಲೆಸ್ಸಾ ಅದನ್ನು ಹೊತ್ತು ಬಂದರಿಗೆ ಬಂದಾಗ ಅವನು ಬಲಿಪೀಠದ ಬಳಿಯೇ ನಿಂತಿದ್ದ.

"ಈ ಅವ್ವನ್ನೂ ಒಂದ್ಮಾತು ಕೇಳೋಣ. ಹಾಯಿ ಹೊಲಿಯೋರಿಗೆ ಗಾಳಿ ಗೊತ್ತಿರುತ್ತೆ" ಅಂದ.

ತಿಮಾಸಿಯೋನ್ ನಕ್ಕುಬಿಟ್ಟ. "ಇವಳ್ನಾ? ಅಯೊಲೊಸ್ ಮನೆತನ ಇಲ್ನಿಂತಿರೋವಾಗ ಹೋಗಿ ಸೂಜಿನ ಕೇಳ್ತೀಯಲ್ಲಯ್ಯಾ! ದಾರಕ್ಕೆ ಸವರೋ ಕೊಬ್ಬಿನ ನಾತ ಬಿಟ್ರೆ ಇವಳ ಹತ್ರ ಏನೈತೆ?"

ಸುತ್ತಲಿದ್ದವರೂ ನಕ್ಕರು. ಅವರಲ್ಲಿ ಅರ್ಧಕ್ಕರ್ಧ ಜನರ ಹಾಯಿಗೆ ತೇಪೆ ಹಾಕಿದವಳು ಅವಳೇ. ತೆಲೆಸ್ಸಾ ಹಾಯಿ ಇಳಿಸಿ ದಿಬ್ಬ ಹತ್ತಿದಳು. ಕಿವಿ ಸುಡುತ್ತಿತ್ತು.

ಮರುದಿನ ಬೆಳಗ್ಗೆ ಅವನು ಮತ್ತೆ ಬಂದ, ಏನೂ ಆಗಿಯೇ ಇಲ್ಲವೆಂಬಂತೆ.

"ಏನಂತೆ ಹೊಗೆ?"

"ಸೂಜಿನ ಕೇಳ್ಕೋ" ಎಂದು ಅವಳು ಬಾಗಿಲು ಹಾಕಿಕೊಂಡಳು.

ಹದಿಮೂರನೆಯ ತಲೆಮಾರು ಬೆಟ್ಟದ ಕಡೆ ಪೆಚ್ಚಾಗಿ ನೋಡಿತು. ಹೊಗೆ ಕಪ್ಪಾಗಿ ಕಡಲಿಗೇ ಇಳಿಯುತ್ತಿತ್ತು. ಅವನಿಗೆ ಅದು ಬರೀ ಹೊಗೆ. ಕೆಳಗೆ ಹೋಗಿ, "ಬಡಗಣ ಗಾಳಿ ನಿನ್ನ ಬೆನ್ನಿಗಿದೆ" ಎಂದು ಫಾಯ್ಲೋಸನಿಗೆ ಚೀಲ ಕೊಟ್ಟ. ತೆಲೆಸ್ಸಾಗೆ ಮನಸ್ಸು ತಡೆಯಲಿಲ್ಲ. ಓಡಿಬಂದು ದಡದಲ್ಲಿ ನಿಂತು, "ಹೋಗಬೇಡ ಕಣಪ್ಪಾ, ಎದುರುಗಾಳಿ ಬರುತ್ತೆ!" ಎಂದು ಕೂಗಿದಳು. ಫಾಯ್ಲೋಸ್ ಚೀಲ ಎತ್ತಿ ತೋರಿಸಿ, ಕೈಬೀಸಿ ಹೊರಟೇಬಿಟ್ಟ.

ಮೂರನೆಯ ದಿನ ಹಡಗು ವಾಪಸ್ಸು ಬಂತು. ಹಾಯಿ ಚಿಂದಿ, ಎರಡು ಚುಕ್ಕಾಣಿಗಳಲ್ಲಿ ಒಂದು ಇಲ್ಲ. ತಿಮಾಸಿಯೋನ್ ಸೊಂಟದ ಮೇಲೆ ಕೈಯಿಟ್ಟು ಗುಡುಗಿದ: "ಚೀಲ ಬಿಚ್ಚಿದ್ಯಾವನು? ಹಿಂದೆ ಅಯೊಲೊಸ್ ಕೊಟ್ಟ ಚೀಲ ಬಿಚ್ಚಿದೋರು ಏನಾದ್ರು, ಮರ್ತುಹೋಯ್ತಾ?"

ಆ ಒಂದು ಮಾತು ಸಾಕಾಯಿತು. ನಾವಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಒಬ್ಬ ಹುಟ್ಟುಗಾರನನ್ನು ಹಿಡಿದು ಬಡಿಯತೊಡಗಿದರು. ತೆಲೆಸ್ಸಾ ನೇರ ಹಡಗು ಹತ್ತಿ ಪಟಸ್ತಂಭಕ್ಕೆ ಕಟ್ಟಿದ್ದ ಚೀಲಕ್ಕೆ ಕೈಹಾಕಿದಳು.

"ಬಿಡ್ರೋ ಅವನ್ನ! ಗಂಟು ನೋಡಿ. ಈ ತಿಮಾಸಿಯೋನ್ ಹಾಕಿದ ಗಂಟು ಹಂಗೇ ಇದೆ. ಕುರಿ ಕಟ್ಟೋಕೂ ಬಾರದ ಗಂಟು, ಬೇರೆ ಯಾರು ಹಾಕ್ತಾರೆ?"

ಎಲ್ಲರೆದುರಿಗೇ ಬಿಚ್ಚಿ ಚೀಲವನ್ನು ಬುಡಮೇಲು ಮಾಡಿದಳು. ಒಂದು ಸತ್ತ ಜಿರಲೆ ಬಿತ್ತು.

ತಿಮಾಸಿಯೋನ್ ಬೆವರೊರೆಸಿಕೊಂಡ. "ಹೊಲಿಗೆ ಸಡಿಲ! ಸಂದಿನಾಗೆ ಸೋರಿಹೋಗಿದೆ. ಎಲ್ಲಾ ಇವಳ ಕೆಲಸ" ಎಂದ.

ಜನ ಹೌದೌದೆಂದು ತಲೆಯಾಡಿಸಿದರು! ತೆಲೆಸ್ಸಾಗೆ ಮೊದಲು ಮೈ ಉರಿಯಿತು. ಆಮೇಲೆ ಆ ಆಡುವ ತಲೆಗಳ ಸಾಲು ನೋಡಿ ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮನೆಗೆ ಹೋದಳು.

ಚೀಲ ಹೊಲಿಯುವುದನ್ನು ಅಂದೇ ಬಿಟ್ಟಳು. ತಿಮಾಸಿಯೋನನಿಗೇನೂ ನಷ್ಟವಾಗಲಿಲ್ಲ. "ನಿಮ್ಮ ಮನಸ್ಸು ಶುದ್ಧವಾಗಿದ್ರೆ ಗಾಳಿ ಬರುತ್ತೆ" ಎಂದು ಹೊಸದೊಂದು ಮಾತು ಕಲಿತ. ಗಾಳಿ ಬಾರದೆ ಹೋದಾಗ ಯಾರೂ ಬಾಯಿಬಿಡುವ ಹಾಗಿರಲಿಲ್ಲ. ಅವನ ಹೊಟ್ಟೆ ಇನ್ನೊಂದು ಸುತ್ತು ಬೆಳೆಯಿತು.

ಫಾಯ್ಲೋಸನೊಬ್ಬ ಮಾತ್ರ ಮುಂದಿನ ವರ್ಷ ದಿಬ್ಬ ಹತ್ತಿ ಬಂದು ಅವಳೆದುರು ಕೂತ.

"ಅವ್ವಾ, ಗಾಳಿ ಕಾಯೋ ಕೆಲಸ ನೀನೇ ಮಾಡ್ಬಾರ್ದಾ? ನಾನು ಹತ್ತು ಜನಕ್ಕೆ ಹೇಳ್ತೀನಿ."

"ಕಾಯೋಕೆ ಅದೇನು ಮೇಕೆಯೇನೋ? ಅದರ ಪಾಡಿಗೆ ಅದು ಬರುತ್ತೆ, ಹೋಗುತ್ತೆ. ನಾಲ್ಕು ದಿನ ತಡ್ಕೋ, ಆಮೇಲೆ ಹೊರಡು."

ಅವನು ಗೊಣಗುತ್ತಲೇ ಅವಳ ಅಂಜೂರ, ಒಣಮೀನು ತಿಂದುಕೊಂಡು ನಾಲ್ಕು ದಿನ ಕಾದ. ಐದನೆಯ ಬೆಳಗ್ಗೆ ಹಾಯಿ ಬಿಚ್ಚಿ, ಎರಡನೆಯ ದಿನಕ್ಕೆ ಮನೆ ಮುಟ್ಟಿದ.